ಮರಳು ಹೋಗ್ತದೆ, ಜಿಗಟು ನಿಲ್ತದೆ: ಕಾಲುವೆ ತಳದ ಮಣ್ಣಿನ ಇತಿಹಾಸ

ಕಾಲುವೆ ನೀರು ಬಂದ್ ಆಗಿ ತಳ ಒಣಗಿದ ಮೇಲೆ ಒಂದು ಮೈಲಿ ಒಳಗೇ ನಡ್ಕೊಂಡು ಹೋಗಿ ನೋಡ್ರಿ. ಮಸಾರಿ ಇರೋ ಕಡೆ, ಮರಳು ಬೆರೆತಿರೋ ಕಡೆ ತಳ ಗುಂಡಿ ಬಿದ್ದಿರ್ತದೆ, ದಂಡೆಯ ಬುಡ ಒಳಗೆ ಕೊರೆದಿರ್ತದೆ. ಹಳೇ ಎರೆ ಜಿಗಟು ಇರೋ ಕಡೆ ತಳ ನೆಲ ಸಾರಿಸಿದ ಹಾಗೆ ನುಣ್ಣಗೆ ನಿಂತಿರ್ತದೆ. ಎರಡೂ ಕಡೆ ಹರಿದದ್ದು ಅದೇ ನೀರು, ಅದೇ ಇಳಿಜಾರು.

ಇದು ದಿನಾ ಕಣ್ಣಿಗೆ ಬೀಳೋದರಿಂದ ನಮಗೆ ಸೋಜಿಗ ಅನ್ನಿಸೋದಿಲ್ಲ. ಆದ್ರೆ ಒಂದು ಕ್ಷಣ ಯೋಚನೆ ಮಾಡ್ರಿ. ರಾಶಿ ತೂರುವಾಗ ಹಗುರಾದ ಹೊಟ್ಟು ಗಾಳಿಗೆ ಹೋಗ್ತದೆ, ತೂಕದ ಕಾಳು ಕಾಲ ಬುಡಕ್ಕೆ ಬೀಳ್ತದೆ. ಆ ಲೆಕ್ಕದಲ್ಲಿ ನೀರೂ ಮೊದಲು ಒಯ್ಯಬೇಕಾದ್ದು ಹಿಟ್ಟಿನಂಥ ಜಿಗಟನ್ನ. ಮರಳು ಆಮೇಲೆ, ಗರಸು ಎಲ್ಲಕ್ಕಿಂತ ಕೊನೆಗೆ. ನಡೆಯೋದು ಹಂಗಲ್ಲ. ಎಲ್ಲಕ್ಕಿಂತ ಸಣ್ಣ ಕಣದ ಮಣ್ಣು ಕಲ್ಲಿನ ಹಾಗೆ ಕಚ್ಚಿಕೊಂಡು ಕೂಡ್ತದೆ. ಇದನ್ನ ಓದಿದ ಎಂಜಿನಿಯರುಗಳು ಸರಿಯಾಗಿ ಬರೆದಿಡೋಕೆ ನೂರೈವತ್ತು ವರ್ಷ ಹಿಡಿಯಿತು. ಆ ಕಥೆಯನ್ನ ಈಗ ಯಾಕೆ ಹೇಳ್ತಿದ್ದೀನಿ ಅಂದ್ರೆ, ಈ ಬೇಸಿಗೆ ಉಪಕಾಲುವೆಗಳ ಹೂಳು ತೆಗೆಸೋ ಮಾತು ನಮ್ಮ ಕಡೆ ನಡೆದಿದೆ. ಜೆಸಿಬಿ ತಳದಲ್ಲಿ ಎಷ್ಟು ಇಳೀಬೇಕು, ಎಲ್ಲಿ ನಿಲ್ಲಬೇಕು ಅನ್ನೋ ಪ್ರಶ್ನೆಗೆ ಉತ್ತರ ಈ ಕಥೆ ಒಳಗೇ ಇದೆ.

ಮೊದಲು ಫ್ರಾನ್ಸ್ ದೇಶಕ್ಕೆ ಹೋಗೋಣ. ಪಿಯರ್ ದ್ಯು ಬುಆ ಅಂತ ಒಬ್ಬ ಸೈನ್ಯದ ಎಂಜಿನಿಯರ್. 1786ರಲ್ಲಿ ಬಂದ ಅವನ ಜಲಶಾಸ್ತ್ರದ ಪುಸ್ತಕದಲ್ಲಿ ಯಾವ ಮಣ್ಣು ತಳದಿಂದ ಏಳೋಕೆ ನೀರು ಎಷ್ಟು ವೇಗದಲ್ಲಿ ಹರೀಬೇಕು ಅನ್ನೋದರ ಪ್ರಯೋಗಗಳಿವೆ. ಮುಂದೆ ಯುರೋಪಿನ ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಅವನ ಪಟ್ಟಿ ಹೆಚ್ಚುಕಡಿಮೆ ಹೀಗೆ ಬರ್ತಿತ್ತು: ಕುಂಬಾರರ ಜೇಡಿ ಏಳೋಕೆ ತಳದಲ್ಲಿ ಸೆಕೆಂಡಿಗೆ 3 ಇಂಚು ವೇಗ ಸಾಕು. ಸಣ್ಣ ಮರಳಿಗೆ 6 ಇಂಚು, ಅಗಸೆ ಕಾಳಿನಷ್ಟು ದಪ್ಪ ಮರಳಿಗೆ 8 ಇಂಚು, ಸಣ್ಣ ಗರಸಿಗೆ 1 ಅಡಿ, ಇಂಚು ದಪ್ಪದ ಗುಂಡುಕಲ್ಲಿಗೆ 2 ಅಡಿ, ಮೊಟ್ಟೆ ಗಾತ್ರದ ಮೂಲೆಗಲ್ಲಿಗೆ 3 ಅಡಿ.

ನೋಡಿದ್ರಾ, ರಾಶಿ ತೂರೋ ಲೆಕ್ಕವೇ ಇದು. ಹಗುರಾದದ್ದು ಮೊದಲು, ಭಾರದ್ದು ಕೊನೆಗೆ. ಮರಳು, ಗರಸು, ಕಲ್ಲಿನ ಮಟ್ಟಿಗೆ ಈ ಸಾಲು ಸರಿಯಾಗೇ ಇದೆ. ಸಡಿಲವಾಗಿ ಬಿದ್ದಿರೋ ಜೇಡಿಗೂ ಇದು ಹೊಂದಬಹುದು. ಆದ್ರೆ ಕಾಲುವೆಯ ತಳದಲ್ಲಿ ವರ್ಷಗಟ್ಟಲೆ ಕೂತು ಬಿಗಿದ ಜೇಡಿ ಬೇರೆ ಜಾತಿಯದು. ಆ ಪಟ್ಟಿ ಮಾತ್ರ ಬಹಳ ವರ್ಷ ಪುಸ್ತಕದಿಂದ ಪುಸ್ತಕಕ್ಕೆ ಹೋಗ್ತಾನೇ ಇತ್ತು.

ಕಾಲುವೆಯನ್ನೇ ಕೇಳೋಣ ಅಂತ ಹೊರಟವರಲ್ಲಿ ಮುಖ್ಯನಾದವನು ನಮ್ಮ ಉಪಖಂಡದಲ್ಲೇ ಕೆಲಸ ಮಾಡಿದವನು. ಆರ್. ಜಿ. ಕೆನಡಿ, ಪಂಜಾಬಿನ ನೀರಾವರಿ ಎಂಜಿನಿಯರ್. ರಾವಿ ನದಿಯಿಂದ ಹೊರಡೋ ಮೇಲಿನ ಬಾರಿ ದೋಆಬ್ ಕಾಲುವೆ ಅವನ ಪಾಠಶಾಲೆ. ಆ ಕಾಲುವೆಯ ಕೆಲವು ಭಾಗಗಳು ಹರಿದು ಹರಿದು ತಮ್ಮದೇ ಒಂದು ಹದಕ್ಕೆ ಬಂದಿದ್ದವು. ಅಲ್ಲಿ ಹೂಳೂ ತುಂಬ್ತಿರಲಿಲ್ಲ, ತಳವೂ ಕೊರೀತಿರಲಿಲ್ಲ. ಕೆನಡಿ ಅಂಥ ಜಾಗಗಳನ್ನ ಆರಿಸಿ ಆಳ ಮತ್ತು ವೇಗ ಅಳೆದು, 1895ರಲ್ಲಿ ಒಂದು ಸೂತ್ರ ಪ್ರಕಟಿಸಿದ. ಅದರ ಪ್ರಕಾರ 1 ಅಡಿ ಆಳದ ನೀರಿಗೆ ಸೆಕೆಂಡಿಗೆ 0.84 ಅಡಿ ವೇಗ ಹದ, 4 ಅಡಿ ಆಳಕ್ಕೆ ಸುಮಾರು 2 ಅಡಿ. ಇದಕ್ಕಿಂತ ನಿಧಾನ ಆದ್ರೆ ಹೂಳು, ಜೋರಾದ್ರೆ ಕೊರೆತ.

ಕೆನಡಿಯ ದೊಡ್ಡತನ ಸೂತ್ರಕ್ಕಿಂತ ಅವನ ರೀತಿಯಲ್ಲಿದೆ ಅನ್ನೋದು ನನ್ನ ಅಭಿಪ್ರಾಯ. ಹದಕ್ಕೆ ಬಂದ ಹಳೇ ಕಾಲುವೆಯನ್ನ ಗುರು ಅಂತ ಹಿಡಿದ. ಆದ್ರೆ ಅವನು ಅಳೆದದ್ದು ರಾವಿಯ ಸಣ್ಣ ಮರಳು, ರೇವೆ ಹೊತ್ತ ನೀರನ್ನ. ಬೇರೆ ಮಣ್ಣಿನ ಸೀಮೆಗೆ ಹೋದಾಗ ಸೂತ್ರವನ್ನ ಏರಿಸಿ ಇಳಿಸಿಕೊಳ್ಳಬೇಕಾಯ್ತು. ಜಿಗಟು ತಳ ಎಷ್ಟು ತಡೀತದೆ ಅನ್ನೋ ಪ್ರಶ್ನೆ ಹಂಗೇ ಉಳೀತು.

ಅದಕ್ಕೆ ಉತ್ತರ ಬಂದದ್ದು ಅಮೆರಿಕದಿಂದ. ಸ್ಯಾಮ್ಯುಯೆಲ್ ಫೋರ್ಟಿಯರ್ ಮತ್ತು ಫ್ರೆಡ್ ಸ್ಕೋಬಿ ಅಂತ ನೀರಾವರಿ ಎಂಜಿನಿಯರುಗಳು ಇಬ್ಬರು. ಕಾಲುವೆ ನಡೆಸಿದ ಅನುಭವ ಇದ್ದ ಎಂಜಿನಿಯರುಗಳಿಗೆ ಪ್ರಶ್ನೆಗಳನ್ನ ಕಳಿಸಿ ಕೇಳಿದ್ರು: ನಿಮ್ಮಲ್ಲಿ ಯಾವ ಮಣ್ಣಿನ ತಳ ಎಷ್ಟು ವೇಗ ತಡ್ಕೊಂಡಿದೆ? ಬಂದ ಉತ್ತರಗಳನ್ನ ಕೂಡಿಸಿ 1926ರಲ್ಲಿ ಒಂದು ಪಟ್ಟಿ ಮಾಡಿದ್ರು. ಕೊರೆತ ಆಗದ ಹಾಗೆ ಬಿಡಬಹುದಾದ ಗರಿಷ್ಠ ವೇಗ ಅದರಲ್ಲಿದೆ. ಅದರ ನಾಲ್ಕು ಸಾಲಿನಿಂದ ನಾವು ಕಲಿಯೋದು ಬಹಳ ಇದೆ.

ತಿಳಿನೀರು ಹರಿಯುವಾಗ ಸಣ್ಣ ಮರಳಿನ ತಳ ತಡೆಯೋದು ಸೆಕೆಂಡಿಗೆ 1.5 ಅಡಿ. ಸಾಧಾರಣ ಗಟ್ಟಿ ಗೋಡುಮಣ್ಣು 2.5 ಅಡಿ. ಸಣ್ಣ ಗರಸೂ 2.5 ಅಡಿ. ಬಿಗಿಯಾದ ಜಿಗಟು ಜೇಡಿ 3.75 ಅಡಿ. ಅಂದ್ರೆ ಜೇಡಿ ಗರಸನ್ನೇ ಹಿಂದೆ ಹಾಕ್ತು. ದ್ಯು ಬುಆನ ಪಟ್ಟಿಯಲ್ಲಿ 3 ಇಂಚಿಗೇ ಏಳ್ತಿದ್ದ ಜೇಡಿ ಇಲ್ಲಿ 45 ಇಂಚಿನವರೆಗೂ ನಿಲ್ತದೆ, ಹದಿನೈದು ಪಟ್ಟು. ಒಂದು ತಳದ ಹತ್ತಿರದ ವೇಗ, ಇನ್ನೊಂದು ಇಡೀ ಕಾಲುವೆಯ ಸರಾಸರಿ ವೇಗ, ಹಂಗಾಗಿ ಸರೀಸಮ ಹೋಲಿಕೆ ಅಲ್ಲ. ಆದ್ರೂ ಸಾಲಿನಲ್ಲಿ ಎಲ್ಲಕ್ಕಿಂತ ಕೆಳಗಿದ್ದದ್ದು ಮೇಲೇರಿದ್ದಂತೂ ನಿಜ.

ಎರಡನೇ ಪಾಠ ನೀರಿನದು. ಜಿಗಟು ರೇವೆ ಹೊತ್ತ ರಾಡಿ ನೀರು ಹರಿದ್ರೆ ಅದೇ ಸಣ್ಣ ಮರಳಿನ ತಳ 2.5 ಅಡಿ ತಡೀತದೆ, ಜೇಡಿ 5 ಅಡಿ ತಡೀತದೆ. ರಾಡಿ ನೀರು ತಳಕ್ಕೆ ಗಿಲಾವು ಮಾಡ್ತಾ ಹೋಗ್ತದೆ. ಸಣ್ಣ ಕಣ ಸಂದುಗಳಲ್ಲಿ ಕೂತು ಮರಳನ್ನೂ ಕಟ್ಟಿಹಾಕ್ತದೆ.

ಮೂರನೇದು ಇದರ ಉಲ್ಟಾ. ನೀರಿನಲ್ಲಿ ಜಿಗಟಿನ ಬದಲು ಮರಳು ಉರುಳ್ತಾ ಬಂದ್ರೆ ಜೇಡಿ ತಳ ತಡೆಯೋದು 3 ಅಡಿ ಮಾತ್ರ. ಯಾಕಂದ್ರೆ ಮರಳು ಮರಗೆಲಸದವರ ಉಜ್ಜುಕಾಗದದ ಹಾಗೆ ತಳವನ್ನ ತೀಡ್ತದೆ. ತಿಳಿನೀರಿಗೆ ಅಲುಗದ ಜೇಡಿ ಮರಳು ನೀರಿಗೆ ಸವೀತದೆ.

ನಾಲ್ಕನೇದು ವಯಸ್ಸು. ಈ ಅಂಕಿಗಳೆಲ್ಲ ಪಳಗಿದ ಕಾಲುವೆಗಳಿಗೆ ಅಂತ ಅವರು ಸ್ಪಷ್ಟವಾಗಿ ಬರೆದ್ರು. ಹೊಸದಾಗಿ ಅಗೆದ ತಳಕ್ಕೆ ಈ ತಾಕತ್ತು ಇರೋದಿಲ್ಲ. ಅದಕ್ಕೆ ನೀರು ಮೆಲ್ಲಗೆ ಬಿಟ್ಟು ಪಳಗಿಸಬೇಕು, ಹೊಸ ಎತ್ತಿಗೆ ನೊಗ ರೂಢಿ ಮಾಡಿಸಿದ ಹಾಗೆ.

ಒಂಬತ್ತು ವರ್ಷ ಆದ ಮೇಲೆ, 1935ರಲ್ಲಿ, ಸ್ವೀಡನ್ ದೇಶದ ಫಿಲಿಪ್ ಯುಲ್‌ಸ್ಟ್ರೋಮ್ ಅನ್ನೋ ಭೂಗೋಳಶಾಸ್ತ್ರಜ್ಞ ತನ್ನ ಊರು ಉಪ್ಸಾಲಾದ ಫ್ಯೂರಿಸ್ ನದಿ ಮೇಲೆ ಮಾಡಿದ ಅಧ್ಯಯನದಲ್ಲಿ ಈ ತಿಳಿವಳಿಕೆಯನ್ನ ಒಂದೇ ಚಿತ್ರಕ್ಕೆ ತಂದ. ಅಡ್ಡಕ್ಕೆ ಕಣದ ಗಾತ್ರ, ಉದ್ದಕ್ಕೆ ನೀರಿನ ವೇಗ. ಗೆರೆ ನೇರ ಏರಲಿಲ್ಲ, ತೊಟ್ಟಿಲ ಹಾಗೆ ನಡುವೆ ತಗ್ಗಿತು. ಆ ತಗ್ಗಿನಲ್ಲಿ ಇರೋದು ಕಾಲು, ಅರ್ಧ ಮಿಲಿಮೀಟರಿನ ಮರಳು. ಅದು ಎಲ್ಲಕ್ಕಿಂತ ಸುಲಭವಾಗಿ, ಸೆಕೆಂಡಿಗೆ ಸುಮಾರು 20 ಸೆಂಟಿಮೀಟರಿಗೇ ಏಳ್ತದೆ. ಅದಕ್ಕಿಂತ ದಪ್ಪ ಆದ್ರೆ ತೂಕ ತಡೀತದೆ, ಸಣ್ಣದಾದ್ರೆ ಹಿಡಿತ ತಡೀತದೆ.

ಆ ಚಿತ್ರದಲ್ಲಿ ಕೂಡುವ ವೇಗಕ್ಕೆ ಇನ್ನೊಂದು ಗೆರೆ ಇತ್ತು. ಮರಳಿಗೆ ಏಳೋ ವೇಗಕ್ಕೂ ಕೂಡೋ ವೇಗಕ್ಕೂ ಬಹಳ ಅಂತರ ಇಲ್ಲ. ಜೇಡಿಗೆ ಅಂತರ ಅಗಾಧ. ಕಿತ್ತು ಏಳಿಸೋಕೆ ಭಾರೀ ಹೊಳೆ ಬೇಕು, ಆದ್ರೆ ಒಮ್ಮೆ ಎದ್ದ ಮೇಲೆ ಹೆಚ್ಚುಕಡಿಮೆ ನಿಂತ ನೀರಿನಲ್ಲಷ್ಟೇ ಅದು ಕೂಡ್ತದೆ. ನಮ್ಮ ಕೆರೆಯಲ್ಲಿ ಗೋಡು ತುಂಬೋದು, ಹಳ್ಳದ ತಿರುವಿನಲ್ಲಿ ಮರಳು ಸಿಗೋದು ಇದೇ ಕಾರಣಕ್ಕೆ.

ಹಂಗಾದ್ರೆ ಹಿಡಿತ ಅಂದ್ರೆ ಏನು? ಇದನ್ನ ಲೆಕ್ಕ ಹಾಕಿ ನೋಡೋಣ. ಮರಳಿನ ಕಣ 0.2 ಮಿಲಿಮೀಟರ್ ಅಂದ್ಕೊಳ್ರಿ. ಜೇಡಿ ಅಂತ ಕರೆಯೋದು 0.002 ಮಿಲಿಮೀಟರಿಗಿಂತ ಸಣ್ಣ ಕಣವನ್ನ. ಅಡ್ಡಳತೆ 100 ಪಟ್ಟು ಕಡಿಮೆ ಆದ್ರೆ ತೂಕ 10 ಲಕ್ಷ ಪಟ್ಟು ಕಡಿಮೆ ಆಗ್ತದೆ, ಮೈ ಅಗಲ 10 ಸಾವಿರ ಪಟ್ಟು ಮಾತ್ರ. ಸಣ್ಣದಾದಷ್ಟೂ ತೂಕಕ್ಕಿಂತ ಮೈ ಹೆಚ್ಚು. ಅದರ ಮೇಲೆ ಜೇಡಿ ಕಣ ಮರಳಿನ ಹಾಗೆ ಗುಂಡಗಿರೋದಿಲ್ಲ, ಹಪ್ಪಳದ ಹಾಗೆ ಚಪ್ಪಟೆ. ನಮ್ಮ ಎರೆಯಲ್ಲಿ ಇರೋ ಊದೋ ಜಾತಿಯ ಜೇಡಿ, ಮಾಂಟ್‌ಮೊರಿಲೊನೈಟ್ ಅಂತಾರೆ, ಒಂದೇ ಗ್ರಾಮಿನ ಹಪ್ಪಳಗಳನ್ನೆಲ್ಲ ಬಿಡಿಸಿ ಹಾಸಿದ್ರೆ 600ರಿಂದ 800 ಚದರ ಮೀಟರ್ ಆಗ್ತದೆ. ಒಂದು ಚಿಟಿಕೆ ಮಣ್ಣಿಗೆ ಆರೇಳು ಗುಂಟೆ!

ಈ ಮೈಗಳ ಮೇಲೆ ಋಣ ವಿದ್ಯುತ್ತು ಇರ್ತದೆ. ಅದಕ್ಕೆ ನೀರಿನಲ್ಲಿ ಕರಗಿದ ಸುಣ್ಣದ ಅಂಶ, ಅಂದ್ರೆ ಕ್ಯಾಲ್ಸಿಯಂ, ಬಂದು ಅಂಟಿಕೊಂಡ್ರೆ ಹಪ್ಪಳಗಳು ಒಂದಕ್ಕೊಂದು ಹತ್ತಿರ ಬಂದು ಕಚ್ಚಿಕೊಳ್ತವೆ. ನೀರು ತಳವನ್ನ ಎಳೆಯುವಾಗ ಕೀಳಬೇಕಾದ್ದು ಒಂದು ಕಣವನ್ನ ಅಲ್ಲ, ಕೈ ಕೈ ಹಿಡಿದು ನಿಂತ ಗುಂಪನ್ನ. ಕಾಲ ಕಳೆದಂತೆ ಮೇಲಿನ ಭಾರಕ್ಕೆ ನಡುವಿನ ನೀರು ಹಿಂಡಿ ಹೋಗಿ ಹಿಡಿತ ಇನ್ನೂ ಬಿಗೀತದೆ. ಹೊಸ ಕೆಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರ್ತದೆ, ಅದು ಮೊದಲ ಪ್ರವಾಹಕ್ಕೇ ಹೋಗೋದು ಅದಕ್ಕೇ. ಇದರ ಜೊತೆಗೆ ಪಾಚಿ. ತಳದ ಮೇಲೆ ಬೆಳೆಯೋ ಸೂಕ್ಷ್ಮ ಪಾಚಿಗಳು ಲೋಳೆ ಬಿಡ್ತವೆ, ಆ ಲೋಳೆ ಕಣಗಳನ್ನ ಹೊಲಿದ ಹಾಗೆ ಹಿಡೀತದೆ. ಯುರೋಪಿನ ಸಮುದ್ರ ದಂಡೆಯ ಕೆಸರು ಬಯಲುಗಳಲ್ಲಿ ವಿಜ್ಞಾನಿಗಳು ಇದನ್ನ ಅಳೆದು ನೋಡಿದ್ದಾರೆ. ಕಾಲುವೆ ತಳದ ಹಸಿರು ಸಿಪ್ಪೆ ಬರೀ ಗಲೀಜಲ್ಲ.

ಹಂಗಾದ್ರೆ ಗಟ್ಟಿ ಮಣ್ಣೆಲ್ಲ ಕೊರೆತ ತಡೀತದಾ? ಇಲ್ಲಿ ಕಥೆಗೆ ಒಂದು ತಿರುವು ಇದೆ. ಗ್ರೀಸ್ ಮೂಲದ ಇಮ್ಯಾನುಯೆಲ್ ಪಾರ್ಥೇನಿಯಾಡಿಸ್ ಅಮೆರಿಕದ ಬರ್ಕ್ಲಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಕೆಸರು ತಂದು, ಉಪ್ಪು ನೀರು ಹರಿಸಿ ಪ್ರಯೋಗ ಮಾಡಿದ. 1962ರಲ್ಲಿ ಸಂಶೋಧನೆ ಮುಗಿಸಿ, 1965ರಲ್ಲಿ ಫಲಿತಾಂಶ ಪ್ರಕಟಿಸಿದ. ಒಂದು ತಳ ಬಿಗಿಯಾದ ಮಣ್ಣಿನದು, ಇನ್ನೊಂದು ನೀರಿನಿಂದ ತಾನೇ ಕೂತ ಮೆತ್ತನೆಯ ಕೆಸರು. ಒತ್ತಿ ನೋಡಿದ್ರೆ ಗಟ್ಟಿತನದಲ್ಲಿ ಭಾರೀ ವ್ಯತ್ಯಾಸ. ಆದ್ರೆ ಕೊರೆತ ಶುರುವಾಗೋ ವಿಚಾರದಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಅಂದ್ರೆ ಕಾಲಿಗೆ ಗೊತ್ತಾಗೋ ಗಟ್ಟಿತನ ಬೇರೆ, ನೀರಿಗೆ ಗೊತ್ತಾಗೋ ಗಟ್ಟಿತನ ಬೇರೆ. ಬಿಗಿತ ಸಹಾಯ ಮಾಡ್ತದೆ, ಆದ್ರೆ ಅದೊಂದೇ ಸಾಲದು. ನೀರು ಪರೀಕ್ಷೆ ಮಾಡೋದು ಮೇಲ್ಮೈಯಲ್ಲಿ ಕಣಕ್ಕೂ ಕಣಕ್ಕೂ ಇರೋ ಅಂಟನ್ನ.

ಈ ಮಾತು ಎಷ್ಟು ದುಬಾರಿ ಅಂತ ಆಸ್ಟ್ರೇಲಿಯಾದ ರೈತರಿಗೆ ಗೊತ್ತಾಯ್ತು. ಅಲ್ಲಿ ಹೊಲಗಳಲ್ಲಿ ಕಟ್ಟಿದ ಎಷ್ಟೋ ಮಣ್ಣಿನ ಒಡ್ಡುಗಳು ಮೊದಲ ಸಲ ನೀರು ತುಂಬಿದಾಗಲೇ ಒಳಗಿಂದ ತೂತು ಬಿದ್ದು ಒಡೆದುಹೋದವು. ಹಾಕಿದ್ದು ಮರಳಲ್ಲ, ಜೇಡಿ. ಆದ್ರೆ ಆ ಜೇಡಿಯಲ್ಲಿ ಕ್ಯಾಲ್ಸಿಯಂ ಜಾಗದಲ್ಲಿ ಸೋಡಿಯಂ ಕೂತಿತ್ತು. ಸೋಡಿಯಂ ಹಪ್ಪಳಗಳನ್ನ ಹತ್ತಿರ ತರೋದಿಲ್ಲ, ದೂರ ತಳ್ತದೆ. ಒಣಗಿದಾಗ ಕಲ್ಲಿನ ಹಾಗೆ ಇರೋ ಆ ಮಣ್ಣು ಸಿಹಿನೀರು ತಾಗಿದ ಕೂಡಲೇ ಹಾಲಿನ ಹಾಗೆ ಕರಗಿ ಹೋಗ್ತದೆ. ಅಲ್ಲಿನ ಮಣ್ಣು ವಿಜ್ಞಾನಿ ಡಬ್ಲ್ಯು. ಡಬ್ಲ್ಯು. ಎಮರ್ಸನ್ 1967ರಲ್ಲಿ ಇದನ್ನ ಗುರುತಿಸೋಕೆ ಒಂದು ಪರೀಕ್ಷೆ ಪ್ರಕಟಿಸಿದ. ಖರ್ಚು ಇಲ್ಲದ ಪರೀಕ್ಷೆ, ನಮ್ಮ ಅಡುಗೆಮನೆಯಲ್ಲೂ ಮಾಡಬಹುದು.

ಒಣಗಿದ ಮಣ್ಣಿನ ಕಡಲೆ ಕಾಳಿನಷ್ಟು ಚೂರು ತಗೊಳ್ರಿ. ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಬ್ಯಾಟರಿಗೆ ಹಾಕೋ ನೀರು ತುಂಬ್ರಿ. ಬೋರಿನ ನೀರು ಬೇಡ, ಅದರ ಉಪ್ಪು ಕಣ್ಣಿಗೆ ಮಣ್ಣೆರಚ್ತದೆ. ಚೂರನ್ನ ಮೆಲ್ಲಗೆ ಬಿಟ್ಟು, ಅಲುಗಿಸದೆ ಎರಡು ತಾಸು ಬಿಡ್ರಿ. ಚೂರು ಪುಡಿಯಾಗಿ ಬಿದ್ದು ನೀರು ತಿಳಿಯಾಗೇ ಇದ್ರೆ ಹೆದರೋದು ಬೇಡ. ಅದು ಒಳಗಿನ ಗಾಳಿ ಒತ್ತಿ ಬಿರಿದದ್ದು ಅಷ್ಟೇ. ಚೂರಿನ ಸುತ್ತ ಹಾಲಿನಂಥ ಮೋಡ ಎದ್ರೆ ಮಾತ್ರ ಅದು ಸೋಡಿಯಂ ಹಿಡಿದ ಮಣ್ಣು. ಅದರಿಂದ ದಂಡೆ ಕಟ್ಟೋದು ಸಕ್ಕರೆಯಿಂದ ಗೋಡೆ ಕಟ್ಟಿದ ಹಾಗೆ.

ನಮ್ಮ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಈ ಮಾತಿಗೆ ಬಹಳ ಬೆಲೆ ಇದೆ. ಸವಳು-ಜವಳು ಅಂತ ನಾವು ಹೆಸರಿಟ್ಟು ಕರೆಯೋ ಭೂಮಿಗಳಲ್ಲಿ ಎಷ್ಟೋ ಕಡೆ ಇರೋದು ಈ ಸೋಡಿಯಂ ಕಾಟವೇ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂಥ ಮಣ್ಣಿನ ಮೇಲೆ ಬಹಳ ವರ್ಷಗಳಿಂದ ಕೆಲಸ ನಡೆದಿದೆ. ಜಿಪ್ಸಂ ಹಾಕು ಅಂತ ಅವರು ಹೇಳೋದರ ಗುಟ್ಟು ಈಗ ನಿಮಗೆ ಗೊತ್ತಾಗಿರಬೇಕು. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನ ಎಬ್ಬಿಸಿ ಆ ಜಾಗದಲ್ಲಿ ತಾನು ಕೂಡ್ತದೆ. ಎದ್ದ ಸೋಡಿಯಂ ಹೊರಗೆ ಹೋಗೋಕೆ ಬಸಿಗಾಲುವೆ ಇರಬೇಕು, ಇಲ್ಲದಿದ್ರೆ ಜಿಪ್ಸಂ ದುಡ್ಡು ನೀರಿಗೆ ಹಾಕಿದ ಹಾಗೆ.

ಇನ್ನೊಂದು ಮಾತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ನೀರು ಹಿಡಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಈಚಿನ ಅಳತೆಗಳಲ್ಲಿ ಅದು 100ರಿಂದ 106ರ ನಡುವೆ ಬಂದಿದೆ. ಕಡಿಮೆ ಆದದ್ದಷ್ಟೂ ಒಳಗೆ ಕೂತ ಹೂಳು. ಇದನ್ನ ನಾವು ಯಾವಾಗಲೂ ನೀರಿನ ನಷ್ಟ ಅಂತ ಮಾತ್ರ ಮಾತಾಡ್ತೀವಿ. ಆದ್ರೆ ಫೋರ್ಟಿಯರ್, ಸ್ಕೋಬಿ ಪಟ್ಟಿ ನೆನಪಿಟ್ಟುಕೊಂಡು ನೋಡಿದ್ರೆ ಕಾಲುವೆಗೂ ಇದರಲ್ಲಿ ಪಾಲಿದೆ. ಗಂಗಾವತಿ, ಹೊಸಪೇಟೆ ಭಾಗದ ವಿಜಯನಗರ ಕಾಲದ ಕಾಲುವೆಗಳಿಗೆ ಹಿಂದೆ ಹೊಳೆಯ ತಗ್ಗು ಕಟ್ಟೆಗಳಿಂದ ನೀರು ತಿರುಗ್ತಿತ್ತು, ಮಳೆಗಾಲದ ರಾಡಿ ಸಮೇತ. ಆ ರಾಡಿ ತಳಕ್ಕೆ ಗಿಲಾವು ಮಾಡ್ತಿತ್ತು. ದೊಡ್ಡ ಜಲಾಶಯದಲ್ಲಿ ನಿಂತು ಬಂದ ನೀರು ಹೊರೆ ಇಳಿಸಿ ಬಂದಿರ್ತದೆ. ಹೊರೆ ಇಲ್ಲದ ನೀರಿಗೆ ತಳದಿಂದ ಮಣ್ಣು ಎತ್ತೋ ಬಲ ಮಿಕ್ಕಿರ್ತದೆ. ಹಂಗಾಗಿ ಮಣ್ಣಿನ ಉಪಕಾಲುವೆಗಳಲ್ಲಿ ಈಗಿರೋ ಹಳೇ ಜಿಗಟು ತಳ ಒಂದು ಆಸ್ತಿ. ಕಿತ್ತು ಹಾಕಿದ್ರೆ ಅಂಥದ್ದು ಮತ್ತೆ ಬೇಗ ಕಟ್ಟೋದಿಲ್ಲ.

ಈಗ ಈ ಬೇಸಿಗೆಯ ಕೆಲಸಕ್ಕೆ ಬರೋಣ. ಹೂಳು ತೆಗೀಬೇಕು, ಅದರಲ್ಲಿ ಎರಡು ಮಾತಿಲ್ಲ. ಕೊನೆಭಾಗದವರಿಗೆ ನೀರು ಮುಟ್ಟದೆ ಇರೋದಕ್ಕೆ ಹೂಳೂ ಒಂದು ಕಾರಣ. ಆದ್ರೆ ತೆಗೀಬೇಕಾದ್ದು ಸಡಿಲ ಹೂಳು, ಮರಳ ದಿನ್ನೆ, ಜೊಂಡು. ಅದರ ಕೆಳಗೆ ಬಕೆಟ್ಟಿನ ಹಲ್ಲಿಗೆ ಮೇಣದ ಹಾಗೆ ಸಿಗೋ ಗಟ್ಟಿ ಜಿಗಟು ಪದರ ಕಂಡ ಕೂಡಲೇ ಕೈ ನಿಲ್ಲಿಸಬೇಕು. ಇನ್ನೊಂದು ಅಡಿ ತೆಗೆದ್ರೆ ನೀರು ಜಾಸ್ತಿ ಬರ್ತದೆ ಅನ್ನೋ ಆಸೆಗೆ ಆ ಪದರ ಹರಿದ್ರೆ, ಕೆಳಗೆ ಮರಳೋ ಮಸಾರಿಯೋ ಇದ್ದಲ್ಲಿ 3.75 ಅಡಿ ತಡೆಯೋ ತಳವನ್ನ ನಾವೇ 1.5 ಅಡಿಗೆ ಇಳಿಸಿದ ಹಾಗೆ. ಆಮೇಲೆ ತಳ ಕೊರೆದು ನೀರಿನ ಮಟ್ಟ ಇಳೀತದೆ, ಮೇಲ್ಭಾಗದ ತೂಬಿಗೆ ನೀರು ಏರೋದಿಲ್ಲ. ಅಲ್ಲಿ ಎದ್ದ ಮಣ್ಣು ಹೋಗಿ ಮತ್ತೆ ಕೊನೆಭಾಗದಲ್ಲೇ ತುಂಬ್ತದೆ.

ದಂಡೆಗೆ ಮಣ್ಣು ಹಾಕೋ ಮುಂಚೆ ಲೋಟದ ಪರೀಕ್ಷೆ ಮಾಡ್ರಿ. ಹತ್ತಿರ ಸಿಗ್ತದೆ ಅಂತ ಸವಳು ಹೊಲದ ಮಣ್ಣು ಎಳೆದು ಹಾಕೋದು ಬೇಡ. ದಂಡೆಯ ಮೇಲಿನ ಗರಿಕೆಯನ್ನ ಕೆರೆದು ತೆಗೀಬೇಡ್ರಿ, ಅದರ ಬೇರೇ ದಂಡೆಯ ಹೊಲಿಗೆ.

ನೀರು ಬಿಟ್ಟ ಮೊದಲ ದಿನಗಳಲ್ಲಿ ಪೂರ್ತಿ ಗೇಟು ಎತ್ತಿಸೋ ಗಡಿಬಿಡಿ ಬೇಡ. ಒಣಗಿ ಬಿರಿದ ಎರೆಗೆ ಒಮ್ಮೆಲೇ ನೀರು ನುಗ್ಗಿದ್ರೆ ಹೆಂಟೆಗಳು ಒಳಗಿನ ಗಾಳಿಗೆ ಸಿಡಿದು ಪುಡಿಯಾಗ್ತವೆ, ಪುಡಿಯಾದದ್ದು ಹರಿದು ಹೋಗ್ತದೆ. ಮೆಲ್ಲಗೆ ನೆನೆಸಿದ್ರೆ ಅದೇ ಮಣ್ಣು ಊದಿ ಬಿರುಕು ಮುಚ್ಚಿಕೊಳ್ತದೆ. ಬಂದ್ ಮಾಡುವಾಗಲೂ ಹಂಗೇ. ಒಮ್ಮೆಲೇ ನೀರು ಇಳಿಸಿದ್ರೆ ನೆಂದ ದಂಡೆ ಕುಸೀತದೆ.

ವೇಗ ಅಳೆಯೋಕೆ ಯಂತ್ರ ಬೇಡ. ನೇರ ಇರೋ ಕಡೆ 30 ಅಡಿ ಅಳೆದು ಎರಡು ಗೂಟ ಹಾಕಿ, ನಡು ನೀರಿಗೆ ಒಂದು ಒಣ ಕಡ್ಡಿ ಬಿಟ್ಟು ಮೊಬೈಲಿನಲ್ಲಿ ಸೆಕೆಂಡು ನೋಡ್ರಿ. 12 ಸೆಕೆಂಡು ಹಿಡಿದ್ರೆ ಮೇಲ್ಮೈ ವೇಗ 2.5 ಅಡಿ, ಸರಾಸರಿ ಅದಕ್ಕಿಂತ ಸ್ವಲ್ಪ ಕಡಿಮೆ, ಸುಮಾರು 2 ಅಡಿ. ಜಿಗಟು ತಳಕ್ಕೆ ಅದು ಏನೂ ಅಲ್ಲ. ಮರಳು ತಳಕ್ಕೆ ಹೆಚ್ಚಾಯ್ತು, ಅಲ್ಲಿ ಕಲ್ಲು ಹಾಸೋ ಕೆಲಸ ಕೇಳ್ಕೊಬೇಕು.

ಜೆಸಿಬಿ ಬರೋ ದಿನ ಪ್ರತಿ ತೂಬಿಗೆ ಒಬ್ಬರಾದ್ರೂ ತಮ್ಮ ತಮ್ಮ ಭಾಗದಲ್ಲಿ ನಿಂತಿರ್ರಿ. ಗಟ್ಟಿ ತಳ ಎಲ್ಲಿ ಸಿಕ್ತು ಅಂತ ಆಪರೇಟರಿಗೆ ಬಕೆಟ್ಟಿನೊಳಗಿಂದ ಗೊತ್ತಾಗೋದಕ್ಕಿಂತ ಮೊದಲು ದಂಡೆ ಮೇಲೆ ನಿಂತ ನಮಗೆ ಮಣ್ಣಿನ ಬಣ್ಣದಲ್ಲೇ ಗೊತ್ತಾಗ್ತದೆ. ಅದಕ್ಕೂ ಮುಂಚೆ ಈ ವಾರ ನಿಮ್ಮ ಭಾಗದ ದಂಡೆ ಮಣ್ಣನ್ನ ಲೋಟದಲ್ಲಿ ಹಾಕಿ ನೋಡಿ, ನೀರು ತಿಳಿಯಾಗಿತ್ತೋ ಹಾಲಾಯ್ತೋ ಅಂತ ತೂಬಿನ ನಂಬರ್ ಸಮೇತ ಕೆಳಗೆ ಬರೀರಿ. ಎಲ್ಲರದೂ ಸೇರಿದ್ರೆ ನಮ್ಮ ಉಪಕಾಲುವೆಯ ಯಾವ ದಂಡೆ ನಂಬಬಹುದು, ಯಾವುದನ್ನ ಮಳೆಗಾಲದಲ್ಲಿ ಕಾಯಬೇಕು ಅನ್ನೋದು ನೀರು ಬರೋ ಮೊದಲೇ ತಿಳೀತದೆ.